ಉಗ್ರಾಣದ ಹಲಗೆಗಳು

ಉಗ್ರಾಣ: ಅಡುಗೆಯ ದಿನಸಿಯನ್ನು ಒಲೆಯ ಕಾವಿಗೂ ನೀರಿನ ಪಸೆಗೂ ಸಿಗದಂತೆ ಕೂಡಿಡುವ ಕೋಣೆ, ಗೂಡು ಅಥವಾ ಕಪಾಟು. ಮಠ, ಛತ್ರ, ಮದುವೆಮನೆಗಳಲ್ಲಿ ಈಗಲೂ ಅದು ಬೇರೆಯೇ ಕೋಣೆ. ಬೀಗದ ಕೈಗೊಬ್ಬ ಉಗ್ರಾಣಿ ಇರುತ್ತಾನೆ. ಪಶ್ಚಿಮ ಬೆಂಗಳೂರಿನ 20×30, 30×40 ಅಡಿ ಸೈಟುಗಳ ಮನೆಗಳಲ್ಲಿ ಅದು ಅಡುಗೆಮನೆಯ ಒಂದು ಗೋಡೆಗೆ ಇಳಿದಿದೆ. ಆ ಗೋಡೆಗೆ ಯಾವ ಹಲಗೆ ಹಾಕಬೇಕೆಂಬುದು ಈ ಲೇಖನದ ವಿಷಯ. ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯವನ್ನು ಉದಾಹರಣೆಗೆ ತೆಗೆದುಕೊಂಡಿರುವುದಕ್ಕೆ ಕಾರಣವಿದೆ. ತಗಡು ಬಗ್ಗಿಸುವ, ವೆಲ್ಡಿಂಗ್ ಮಾಡುವ, ಪೌಡರ್ ಕೋಟಿಂಗ್ ಮತ್ತು ಎಲೆಕ್ಟ್ರೋಪ್ಲೇಟಿಂಗ್ ನಡೆಸುವ ಸಣ್ಣ ಕಾರ್ಖಾನೆಗಳೂ ವಾಸದ ಮನೆಗಳೂ ಅಲ್ಲಿ ಗೋಡೆಗೆ ಗೋಡೆ ತಾಗಿ ನಿಂತಿವೆ. ರ್‍ಯಾಕು ಬೇಕಾದವರು ಅಂಗಡಿಯ ಬದಲು ಶೆಡ್ಡಿನ ಬಾಗಿಲಿಗೇ ಅಳತೆಪಟ್ಟಿ ಹಿಡಿದು ಹೋಗಬಹುದು.

ಹಿಂದಿನ ರೂಪಗಳು

ವರ್ಷಕ್ಕಾಗುವಷ್ಟು ದವಸ ಕೂಡಿಡುತ್ತಿದ್ದ ಕಾಲದಲ್ಲಿ ಹಲಗೆಗೆ ಹೆಚ್ಚಿನ ಕೆಲಸವಿರಲಿಲ್ಲ. ಬಯಲುಸೀಮೆಯಲ್ಲಿ ರಾಗಿ ಹಗೇವಿಗೆ ಹೋಗುತ್ತಿತ್ತು: ಬಾಯಿ ಕಿರಿದು, ಹೊಟ್ಟೆ ಅಗಲವಾದ ನೆಲದೊಳಗಿನ ಗುಂಡಿ. ಒಳಗೆ ಹುಲ್ಲು ಹಾಸಿ ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಕಾಳು ಉಸಿರಾಡಿ ಒಳಗಿನ ಆಮ್ಲಜನಕ ಇಳಿಯುತ್ತದೆ, ಹುಳು ಬದುಕುವುದಿಲ್ಲ. ಹಗೇವು ತೆಗೆದ ಕೂಡಲೇ ಯಾರೂ ಇಳಿಯಬಾರದೆಂಬ ಕಟ್ಟುನಿಟ್ಟಿಗೂ ಇದೇ ಕಾರಣ. ಒಳಗೆ ನಿಂತ ಇಂಗಾಲದ ಡೈಆಕ್ಸೈಡು ಮನುಷ್ಯನನ್ನೂ ಕೊಲ್ಲುತ್ತದೆ. ಕರಾವಳಿಯಲ್ಲಿ ಒಣಹುಲ್ಲಿನಲ್ಲಿ ಬಿಗಿದ ಅಕ್ಕಿಮುಡಿ, ಒಳನಾಡಿನ ಮನೆಗಳಲ್ಲಿ ವಾಡೆ, ಕಣಜ, ಗುಡಾಣಗಳಿದ್ದವು. ಚಿಲ್ಲರೆ ಸಾಮಾನು ಒಂದರ ಮೇಲೊಂದು ಪೇರಿಸಿದ ಅಡಕಲು ಗಡಿಗೆಗಳಲ್ಲಿ. ಹಾಲು, ಮೊಸರು, ಬೆಣ್ಣೆ ಸೂರಿಗೆ ತೂಗುಬಿಟ್ಟ ನೆಲವಿನಲ್ಲಿ. ಕಾಯುವುದೂ ಹೊರುವುದೂ ಪಾತ್ರೆಯದೇ ಹೊಣೆ.

ವರ್ಷದ ದವಸ ಹೋಗಿ ತಿಂಗಳ ದಿನಸಿ ಬಂದ ಮೇಲೆ ಈ ಲೆಕ್ಕ ತಿರುಗಿತು ಎನ್ನಬಹುದು. ಸಾಮಾನಿನ ಒಟ್ಟು ತೂಕ ಇಳಿಯಿತು, ಬಗೆಗಳು ಹೆಚ್ಚಿದವು. ನಲವತ್ತು ಬಗೆಯ ಸಣ್ಣ ಡಬ್ಬಿಗಳನ್ನು ಪೇರಿಸಿಡಲಾಗದು; ಸಾಲಾಗಿ, ಕಣ್ಣಿಗೆ ಕಾಣುವಂತೆ ಇಡಬೇಕು.

ಭಾರ ಮತ್ತು ಬಾಗು

ಹಲಗೆ ಆರಿಸುವಾಗ ಬಣ್ಣ, ಬೆಲೆಗಳಿಗಿಂತ ಮೊದಲು ನೋಡಬೇಕಾದದ್ದು ಎರಡು ಆಧಾರಗಳ ನಡುವಿನ ಅಂತರ. 90 ಸೆಂ.ಮೀ. ಉದ್ದ, 30 ಸೆಂ.ಮೀ. ಆಳ, 30 ಸೆಂ.ಮೀ. ಎತ್ತರದ ಒಂದು ಅಂಕಣದ ಗಾತ್ರ 81 ಲೀಟರು. ದುಂಡು ಡಬ್ಬಿಗಳನ್ನು ಸಾಲಿಟ್ಟರೆ ಐದರಲ್ಲೊಂದು ಪಾಲು ಜಾಗ ಸಂದಿಗಳಲ್ಲೇ ಹೋಗುತ್ತದೆ. ಕೈಯಾಡಲು ಮೇಲೆ ಒಂದಷ್ಟು ಬಿಡಬೇಕು. ಉಳಿದ ಸುಮಾರು 50 ಲೀಟರಿನಲ್ಲಿ ಅಕ್ಕಿ ತುಂಬಿದರೆ 40 ಕಿಲೊ. ತಿಂಗಳಿಗೊಮ್ಮೆ ಮತ್ತೆ ತುಂಬುವುದರಿಂದ ಹೆಚ್ಚುಕಡಿಮೆ ಅಷ್ಟು ಭಾರ ವರ್ಷಗಟ್ಟಲೆ ಕೂತಿರುತ್ತದೆ. ಪುಸ್ತಕದ ಕಪಾಟಿನಂತೆ ಉಗ್ರಾಣಕ್ಕೂ ಬಿಡುವಿಲ್ಲ.

ಹಲಗೆಯ ಉದ್ದಕ್ಕೂ ಸಮನಾಗಿ ಭಾರ ತುಂಬಿದಾಗ ನಡುವಿನ ಬಾಗು ಆಧಾರಗಳ ಅಂತರದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ; ದಪ್ಪದ ಮೂರನೆಯ ಘಾತಕ್ಕೆ ಅನುಗುಣವಾಗಿ ಇಳಿಯುತ್ತದೆ. ಅಂತರ 60ರಿಂದ 90 ಸೆಂ.ಮೀ.ಗೆ ಹೋದರೆ ಬಾಗು ಐದು ಪಟ್ಟು. ಅದನ್ನು ದಪ್ಪದಿಂದ ಸರಿದೂಗಿಸಲು ಹೊರಟು 18 ಮಿ.ಮೀ. ಪ್ಲೈವುಡ್ ಬಿಟ್ಟು 25 ಮಿ.ಮೀ. ಹಾಕಿದರೂ ಸಿಗುವ ಬಿಗಿತ ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು, ಅಷ್ಟೆ. ದಪ್ಪಕ್ಕೆ ದುಡ್ಡು ಸುರಿಯುವುದಕ್ಕಿಂತ ನಡುವೆ ಇನ್ನೊಂದು ಕಾಲು ನಿಲ್ಲಿಸುವುದು ಜಾಣತನ. ಅದಕ್ಕೆ ಜಾಗವಿಲ್ಲದಿದ್ದರೆ ಹಲಗೆಯ ಮುಂದಂಚಿಗೆ ಎರಡಂಗುಲದ ಪಟ್ಟಿಯನ್ನು ನಿಲುವಾಗಿ ಅಂಟಿಸಿ ಸ್ಕ್ರೂ ಬಿಗಿಯಬೇಕು. ಪಾರ್ಟಿಕಲ್ ಬೋರ್ಡಿಗೆ ತನ್ನದೇ ಒಂದು ದೋಷವಿದೆ: ಭಾರ ಹೆಚ್ಚದಿದ್ದರೂ ದಿನ ಕಳೆದಂತೆ ಬಾಗು ಹೆಚ್ಚುತ್ತದೆ, ಭಾರ ತೆಗೆದರೂ ಪೂರ್ತಿ ನೆಟ್ಟಗಾಗುವುದಿಲ್ಲ.

ಕಲ್ಲು

ಬೆಂಗಳೂರಿನ ಹಳೆಯ ಅಡುಗೆಮನೆಗಳಲ್ಲಿ ಕಾಣುವುದು ಆಂಧ್ರದ ಕಡಪ ಕಲ್ಲು, ಕಲಬುರಗಿ ಕಡೆ ಶಹಾಬಾದಿ. ಎರಡೂ ಸುಣ್ಣಕಲ್ಲುಗಳೇ. ಗೆದ್ದಲು ಹತ್ತದು, ನೀರಿಗೆ ಉಬ್ಬದು. ಆದರೆ ಕಲ್ಲು ಬಾಗಿ ಎಚ್ಚರಿಕೆ ಕೊಡುವುದಿಲ್ಲ, ಒಮ್ಮೆಲೇ ಮುರಿಯುತ್ತದೆ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದಂಗುಲ ದಪ್ಪದ ಚಪ್ಪಡಿ ತಾನೇ ಸುಮಾರು 27 ಕಿಲೊ ತೂಗುತ್ತದೆ. ಆದ್ದರಿಂದ ಎರಡು ಎರಡೂವರೆ ಅಡಿಗೊಂದು ನಿಲುವುಗಲ್ಲು ಬೇಕು. ಹುಣಸೆ, ನಿಂಬೆ, ಉಪ್ಪಿನಕಾಯಿಯ ರಸ ಚೆಲ್ಲಿದರೆ ಸುಣ್ಣಕಲ್ಲನ್ನು ಹುಳಿ ತಿಂದು ಬಿಳಿ ಕಲೆ ಉಳಿಯುತ್ತದೆ. ಜಾಡಿಯ ಕೆಳಗೊಂದು ಪಿಂಗಾಣಿ ತಟ್ಟೆ ಇಡುವುದು ಇದಕ್ಕಾಗಿ. ಗೋಡೆಗೂ ಕಲ್ಲಿಗೂ ನಡುವಿನ ಬಿರುಕನ್ನು ಬಿಳಿ ಸಿಮೆಂಟಿನಿಂದ ತುಂಬದಿದ್ದರೆ ಅದು ಜಿರಲೆಗಳ ಪಾಲು.

ಮರ

ಪ್ಲೈವುಡ್ಡಿನಲ್ಲಿ ಅಂಗಡಿಯವರು ‘ಕಮರ್ಷಿಯಲ್’ ಎನ್ನುವುದು ಭಾರತೀಯ ಮಾನಕ ಐಎಸ್ 303ರ ತೇವ ತಡೆಯುವ ದರ್ಜೆ, ‘ಮೆರೈನ್’ ಎನ್ನುವುದು ಐಎಸ್ 710. ಎರಡನೆಯದರ ಅಂಟು 72 ಗಂಟೆ ಕುದಿನೀರಿನ ಪರೀಕ್ಷೆ ತಾಳಬೇಕು. ಸಿಂಕಿನ ಕೆಳಗೆ, ಬಚ್ಚಲಿನ ಗೋಡೆಗೆ ತಾಗಿದ ಕಡೆ ಮಾತ್ರ ಇದು ಅನಿವಾರ್ಯ.

ಕಬ್ಬಿಣ ಮತ್ತು ಉಕ್ಕು

ಗೋದಾಮುಗಳಲ್ಲೂ ಬಾಡಿಗೆ ಮನೆಗಳಲ್ಲೂ ಕಾಣುವ ತೂತಿನ ಆಂಗಲ್ ರ್‍ಯಾಕಿನ ಮೂಲ ಇಂಗ್ಲೆಂಡು. ಗ್ರೀಕ್ ಮೂಲದ ಆಸ್ಟ್ರೇಲಿಯನ್ ಡಿಮಿಟ್ರಿಯಸ್ ಕೊಮಿನೊ ಲಂಡನ್ನಿನಲ್ಲಿ ಮುದ್ರಣಾಲಯ ನಡೆಸುತ್ತಿದ್ದಾಗ, ಕಿತ್ತು ಮತ್ತೆ ಜೋಡಿಸಬಹುದಾದ ಚೌಕಟ್ಟಿನ ಯೋಚನೆ ಮಾಡಿ 1947ರಲ್ಲಿ ಡೆಕ್ಸಿಯನ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದರು. ಬಾಡಿಗೆದಾರರಿಗೆ ಇದರ ಗುಣ ಸ್ಪಷ್ಟ: ಕಡಪ ಕಲ್ಲು ಮನೆಯ ಮಾಲೀಕರಿಗೆ ಉಳಿಯುತ್ತದೆ, ರ್‍ಯಾಕು ಬೋಲ್ಟು ಬಿಚ್ಚಿದರೆ ಟೆಂಪೋ ಹತ್ತುತ್ತದೆ.

ತಗಡಿನ ದಪ್ಪವನ್ನು ಗೇಜಿನಲ್ಲಿ ಹೇಳುತ್ತಾರೆ. ಸಂಖ್ಯೆ ಇಳಿದಂತೆ ದಪ್ಪ ಏರುತ್ತದೆ. 22 ಗೇಜು ಸುಮಾರು 0.7 ಮಿ.ಮೀ., 20 ಗೇಜು 0.9, 18 ಗೇಜು 1.2. ಆದರೆ ಭಾರ ಹೊರುವುದು ದಪ್ಪಕ್ಕಿಂತ ಹೆಚ್ಚಾಗಿ ಅಂಚಿನ ಮಡಿಕೆ. ಒಂದಂಗುಲಕ್ಕೂ ಮೀರಿ ಕೆಳಕ್ಕೆ ಮಡಿದು, ಮತ್ತೆ ಒಳಕ್ಕೆ ಮಡಿದ 20 ಗೇಜಿನ ಹಲಗೆ, ಅರೆಬರೆ ಮಡಿದ 18 ಗೇಜಿನದಕ್ಕಿಂತ ವಾಸಿ. ಒಳಮಡಿಕೆಯಿಂದ ಕೈ ಕೊಯ್ಯುವುದೂ ತಪ್ಪುತ್ತದೆ.

ಪೌಡರ್ ಕೋಟಿಂಗಿನ ಆಯುಸ್ಸು ನಿರ್ಧಾರವಾಗುವುದು ಬಣ್ಣ ಹೊಡೆಯುವ ಮೊದಲೇ. ಎಣ್ಣೆ, ತುಕ್ಕು ತೆಗೆದು, ತೊಳೆದು, ಫಾಸ್ಫೇಟ್ ಲೇಪ ಕೊಡುವ ಸರಣಿಯನ್ನು ಕಾರ್ಖಾನೆಗಳಲ್ಲಿ ‘ಸೆವೆನ್ ಟ್ಯಾಂಕ್’ ಎನ್ನುತ್ತಾರೆ. ಅದಾದ ಮೇಲೆ ವಿದ್ಯುದಾವೇಶ ಕೊಟ್ಟ ಪುಡಿ ಲೋಹಕ್ಕೆ ಅಂಟಿ, ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಕಾವಿನ ಭಟ್ಟಿಯಲ್ಲಿ ಕರಗಿ ಪೊರೆಯಾಗುತ್ತದೆ. ಪೊರೆಯ ದಪ್ಪ ಸಾಮಾನ್ಯವಾಗಿ 60–80 ಮೈಕ್ರಾನು. ಬಟ್ಟೆಯಲ್ಲಿ ಒರೆಸಿ ನೇರ ಪುಡಿ ಹೊಡೆದ ರ್‍ಯಾಕೂ ಹೊಸದರಲ್ಲಿ ಅಷ್ಟೇ ಹೊಳೆಯುತ್ತದೆ. ವ್ಯತ್ಯಾಸ ಕಾಣುವುದು ಒಂದೆರಡು ಮಳೆಗಾಲ ಕಳೆದ ಮೇಲೆ, ತೂತುಗಳ ಅಂಚಿನಲ್ಲಿ, ವೆಲ್ಡಿಂಗ್ ಬುಡದಲ್ಲಿ. ಆರ್ಡರ್ ಕೊಡುವಾಗ ಕೊರೆಯುವ, ಬೆಸೆಯುವ ಕೆಲಸವೆಲ್ಲ ಕೋಟಿಂಗಿಗೆ ಮೊದಲೇ ಮುಗಿಯಬೇಕೆಂದು ಹೇಳಬೇಕು.

ಮಾಡ್ಯುಲರ್ ಅಡುಗೆಮನೆಯ ಹೊಳೆಯುವ ತಂತಿಬುಟ್ಟಿಗಳಲ್ಲಿ ಮೇಲಿನ ಕ್ರೋಮಿಯಂ ಒಂದು ಮೈಕ್ರಾನಿಗಿಂತಲೂ ತೆಳು. ತುಕ್ಕು ತಡೆಯುವುದು ಅದರ ಕೆಳಗಿನ ನಿಕ್ಕಲ್. ತಂತಿಗಳು ಕೂಡುವಲ್ಲಿ ನಿಕ್ಕಲ್ ಸರಿಯಾಗಿ ಕೂರದಿದ್ದರೆ ಕೆಂಪು ಚುಕ್ಕೆ ಮೊದಲು ಅಲ್ಲೇ ಏಳುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ 304 ದರ್ಜೆಯಲ್ಲಿ ಸುಮಾರು 18 ಪ್ರತಿಶತ ಕ್ರೋಮಿಯಂ, 8 ಪ್ರತಿಶತ ನಿಕ್ಕಲ್. ಅಗ್ಗದ 202ರಲ್ಲಿ ನಿಕ್ಕಲ್ ಇಳಿಸಿ ಮ್ಯಾಂಗನೀಸ್ ಏರಿಸಿದ್ದಾರೆ. ಆಯಸ್ಕಾಂತ ಹಿಡಿದು ತೋರಿಸುವ ಅಂಗಡಿಯ ಪರೀಕ್ಷೆಯಿಂದ ಇವೆರಡನ್ನು ಬೇರ್ಪಡಿಸಲಾಗದು, ಎರಡೂ ಹೆಚ್ಚುಕಡಿಮೆ ಅಂಟುವುದಿಲ್ಲ. ಉಪ್ಪಿನ ಡಬ್ಬಿಯಡಿ 202 ಬೇಗ ಚುಕ್ಕೆ ಹಿಡಿಯುತ್ತದೆ.

ಆಳ ಮತ್ತು ಜೋಡಣೆ

ಅಡುಗೆ ಕಟ್ಟೆಯ ಎರಡಡಿ ಆಳವನ್ನೇ ಉಗ್ರಾಣದ ಹಲಗೆಗೂ ಕೊಡುವುದು ರೂಢಿ, ಆದರೆ ಒಳ್ಳೆಯದಲ್ಲ. ಹಿಂದಿನ ಸಾಲು ಮರೆತುಹೋಗುತ್ತದೆ, ಮರೆತ ಬೇಳೆಯಲ್ಲಿ ಹುಳು ಏಳುತ್ತದೆ. ಒಂದಡಿ ಆಳ ಸಾಕು. ಅಕ್ಕಿಚೀಲ, ಎಣ್ಣೆ ಡಬ್ಬಗಳಿಗೆ ಕೆಳಗಿನ ಒಂದು ಅಂಕಣ ಮಾತ್ರ ಆಳವಾಗಿರಲಿ, ನೆಲದಿಂದ ಆರಂಗುಲ ಮೇಲಿರಲಿ. ಕಟ್ಟೆಗಿಂತ ಎತ್ತರದ ರ್‍ಯಾಕನ್ನು ತಲೆಯ ಹತ್ತಿರ ಗೋಡೆಗೆ ಎರಡು ಕಡೆ ಬಿಗಿಯಬೇಕು. ಮಳೆನೀರು ಬಡಿಯುವ ಹೊರಗೋಡೆಯಾದರೆ ರ್‍ಯಾಕಿಗೂ ಗೋಡೆಗೂ ನಡುವೆ ಎರಡಂಗುಲ ಬಿಟ್ಟು ಬಿಗಿಯುವುದು ಲೇಸು.