ಅಡಮಾನ ವಂಚನೆ

ಸ್ಥಿರಾಸ್ತಿಯ ಭದ್ರತೆಯ ಮೇಲೆ ಪಡೆಯುವ ಸಾಲದಲ್ಲಿ ಸುಳ್ಳು ದಾಖಲೆ, ಸುಳ್ಳು ಬೆಲೆ ಅಥವಾ ಸುಳ್ಳು ಒಡೆತನ ತೋರಿಸಿ ಬ್ಯಾಂಕಿಗೋ ಕೊಳ್ಳುವವರಿಗೋ ಮಾಡುವ ಮೋಸವೇ ಅಡಮಾನ ವಂಚನೆ. ಬಹಳಷ್ಟು ಸಲ ಇಬ್ಬರೂ ಒಟ್ಟಿಗೇ ಮೋಸಹೋಗುತ್ತಾರೆ.

ಭಾರತದಲ್ಲಿ ಇದಕ್ಕೆ ಹೆಚ್ಚು ಆಸ್ಪದ ಸಿಕ್ಕಿದ್ದು ಹಕ್ಕುಪತ್ರ ಒಪ್ಪಿಸಿ ಮಾಡುವ ಅಡಮಾನದಲ್ಲಿ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 58(ಎಫ್) ಕಲಮಿನ ಪ್ರಕಾರ, ಅಧಿಸೂಚಿತ ಪಟ್ಟಣಗಳಲ್ಲಿ ಭದ್ರತೆಯ ಉದ್ದೇಶದಿಂದ ಮೂಲಪತ್ರಗಳನ್ನು ಸಾಲ ಕೊಡುವವರ ಕೈಗಿತ್ತರೆ ಅಡಮಾನ ಪೂರ್ತಿಯಾಗುತ್ತದೆ. ನೋಂದಾಯಿತ ಪತ್ರ ಬೇಕೇಬೇಕೆಂದಿಲ್ಲ. ವ್ಯವಹಾರಕ್ಕೆ ಇದು ಅನುಕೂಲ, ವಂಚಕರಿಗೆ ಇನ್ನೂ ಅನುಕೂಲ. ನೋಂದಣಿಯಾಗದ ಇಂಥ ಸಾಲ ಸಬ್ ರಿಜಿಸ್ಟ್ರಾರ್ ಕಚೇರಿ ಕೊಡುವ ಋಣಭಾರ ಪತ್ರದಲ್ಲಿ (ಇ.ಸಿ.) ಕಾಣಿಸುವುದಿಲ್ಲ. ಕ್ರಯಪತ್ರದ ನಕಲಿ ಪ್ರತಿಯನ್ನೇ ಮೂಲವೆಂದು ತೋರಿಸಿ ಒಂದೇ ಮನೆಯ ಮೇಲೆ ಎರಡು ಮೂರು ಬ್ಯಾಂಕುಗಳಿಂದ ಸಾಲ ಎತ್ತುವ ದಂಧೆ ಬೆಳೆದದ್ದು ಹೀಗೆ.

ಅದನ್ನು ತಡೆಯಲೆಂದೇ 2002ರ ಸರ್ಫೇಸಿ (ಬ್ಯಾಂಕ್ ಸಾಲ ವಸೂಲಾತಿ) ಕಾಯ್ದೆಯಡಿ 2011ರಲ್ಲಿ ಸೆರ್ಸೈ ಎಂಬ ಕೇಂದ್ರೀಯ ದಾಖಲೆ ಶುರುವಾಯಿತು. ಬ್ಯಾಂಕುಗಳು ತಮ್ಮ ಅಡಮಾನಗಳನ್ನು ಅಲ್ಲಿ ದಾಖಲಿಸಬೇಕು. ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಿ ನೋಡಬಹುದು. ಲಕ್ಷಗಟ್ಟಲೆ ಮುಂಗಡ ಕೊಡುವವರು ಈ ಹುಡುಕಾಟವನ್ನು ಬಿಡುವುದು ದೊಡ್ಡ ತಪ್ಪು. ಇ.ಸಿ. ಒಂದನ್ನೇ ನಂಬುವಂತಿಲ್ಲ. ಕೇಳಿದ ಅವಧಿಯಲ್ಲಿ ನೋಂದಣಿಯಾದ ವ್ಯವಹಾರಗಳನ್ನಷ್ಟೇ ಅದು ಹೇಳುತ್ತದೆ, ವಾರಸುದಾರರ ತಕರಾರನ್ನು ಹೇಳುವುದಿಲ್ಲ.

“ಬ್ಯಾಂಕಿನವರೇ ಸಾಲ ಕೊಟ್ಟಿದ್ದಾರೆ, ಇನ್ನೇನು ನೋಡುವುದು?” ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಬ್ಯಾಂಕಿನ ವಕೀಲರು ಕೊಡುವ ಅಭಿಪ್ರಾಯ ಬ್ಯಾಂಕಿನ ಹಿತಕ್ಕಾಗಿ. ಕೊಳ್ಳುವವರು ತಮ್ಮದೇ ವಕೀಲರಿಂದ ಮೂಲಪತ್ರದಿಂದ ಇಂದಿನವರೆಗಿನ ದಾಖಲೆಗಳ ಸರಪಣಿಯನ್ನು ಓದಿಸಬೇಕು.

ಕಟ್ಟುತ್ತಿರುವ ಫ್ಲ್ಯಾಟುಗಳಲ್ಲಿ ಅಪಾಯದ ರೂಪ ಬೇರೆ. ‘ಸಬ್‌ವೆನ್ಷನ್’ ಯೋಜನೆಗಳಲ್ಲಿ ಸಾಲ ಕೊಳ್ಳುವವರ ಹೆಸರಿನಲ್ಲಿರುತ್ತದೆ, ಹಣ ನೇರವಾಗಿ ಬಿಲ್ಡರ್ ಕೈಸೇರುತ್ತದೆ, ಮನೆ ಸಿಗುವವರೆಗೆ ಕಂತು ಕಟ್ಟುವ ಭರವಸೆ ಬಿಲ್ಡರ್‌ನದು. ಅವನು ಕಟ್ಟುವುದನ್ನು ನಿಲ್ಲಿಸಿದರೆ ಬ್ಯಾಂಕಿನ ನೋಟಿಸು ಬರುವುದು ಸಾಲಗಾರನ ಮನೆಗೇ. ಹಣ ಬಿಡುಗಡೆ ನಿರ್ಮಾಣದ ಹಂತಗಳಿಗೆ ತಕ್ಕಂತೆ ಇರಬೇಕೆಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿತ್ತು. 2019ರಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕ್ ಗೃಹಸಾಲ ಕಂಪನಿಗಳಿಗೆ ಇಂಥ ಯೋಜನೆಗಳಿಂದ ದೂರವಿರಲು ಸೂಚಿಸಿತು. ಅಷ್ಟರಲ್ಲಿ ದೆಹಲಿ ಸುತ್ತಮುತ್ತ ಸಾವಿರಾರು ಕುಟುಂಬಗಳು ಬಾಡಿಗೆಯನ್ನೂ ಸಾಲದ ಹೊರೆಯನ್ನೂ ಒಟ್ಟಿಗೆ ಹೊರುವಂತಾಗಿತ್ತು. 2025ರಲ್ಲಿ ಸುಪ್ರೀಂ ಕೋರ್ಟ್ ಬಿಲ್ಡರ್ ಮತ್ತು ಬ್ಯಾಂಕುಗಳ ಒಳಸಂಬಂಧದ ಬಗ್ಗೆ ಸಿಬಿಐ ತನಿಖೆಗೆ ಆದೇಶಿಸಿತು. ಬೆಂಗಳೂರಿನ ಯೋಜನೆಗಳೂ ಅದರ ವ್ಯಾಪ್ತಿಗೆ ಬಂದವು.

2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಇಲ್ಲಿ ಗಟ್ಟಿ ಆಸರೆ. ಕೊಳ್ಳುವವರಿಂದ ಬಂದ ಹಣದ ಶೇ. 70ನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಜಮೀನು ಹಾಗೂ ನಿರ್ಮಾಣದ ವೆಚ್ಚಕ್ಕಷ್ಟೇ ಬಳಸಬೇಕು. ಮಾರಾಟದ ಕರಾರಾದ ಮೇಲೆ ಬಿಲ್ಡರ್ ಆ ಫ್ಲ್ಯಾಟನ್ನು ಅಡವಿಡುವಂತಿಲ್ಲ. ಇಟ್ಟರೂ ಕೊಂಡವರ ಹಕ್ಕಿಗೆ ಧಕ್ಕೆಯಿಲ್ಲ.

ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೂಲಕ ಕೊಳ್ಳುವುದು ಇನ್ನೊಂದು ಹಳ್ಳ. ಜಿಪಿಎ, ಕರಾರು, ಉಯಿಲುಗಳಿಂದ ಒಡೆತನ ವರ್ಗವಾಗದು, ನೋಂದಾಯಿತ ಕ್ರಯಪತ್ರವೇ ಬೇಕು ಎಂದು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಕರ್ನಾಟಕದಲ್ಲಿ ಇದರ ಜೊತೆಗೆ ಭೂಪರಿವರ್ತನೆಯಾಗದ ರೆವಿನ್ಯೂ ಸೈಟುಗಳನ್ನೂ, 1978ರ ಪಿಟಿಸಿಎಲ್ ಕಾಯ್ದೆಯಡಿ ಬರುವ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನುಗಳನ್ನೂ ನೋಡಿಕೊಳ್ಳಬೇಕು. ಸರ್ಕಾರದ ಅನುಮತಿಯಿಲ್ಲದೆ ಅಂಥ ಜಮೀನು ಮಾರಿದ್ದರೆ ಅದು ಮೂಲ ಮಂಜೂರುದಾರರಿಗೋ ಅವರ ವಾರಸುದಾರರಿಗೋ ಮರಳಬಹುದು.

ಸಾಲ ತೀರಿದ ಮೇಲೂ ಕೆಲಸ ಉಳಿದಿರುತ್ತದೆ. 2023ರ ಡಿಸೆಂಬರ್ 1ರಿಂದ ಜಾರಿಯಾದ ರಿಸರ್ವ್ ಬ್ಯಾಂಕ್ ನಿಯಮದಂತೆ ಮೂಲಪತ್ರಗಳನ್ನು 30 ದಿನಗಳೊಳಗೆ ಮರಳಿಸಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಸೆರ್ಸೈನಲ್ಲಿರುವ ಅಡಮಾನದ ನಮೂದನ್ನೂ ಬ್ಯಾಂಕಿನಿಂದ ತೆಗೆಸಿಕೊಳ್ಳಬೇಕು, ಇಲ್ಲವಾದರೆ ಮುಂದೆ ಮಾರುವಾಗ ತೀರಿದ ಸಾಲವೇ ಅಡ್ಡಬರುತ್ತದೆ.