ಪೊರೆ ತೆಗೆದ ಮೇಲಿನ ಪೊರೆ

“ಆಪರೇಷನ್ ಸರಿಯಾಗಿಲ್ಲ ಕಣಪ್ಪಾ, ಪೊರೆ ಮತ್ತೆ ಬಂದಿದೆ” ಅನ್ನೋ ಮಾತನ್ನು ಊರಿನ ಹಿರಿಯರ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಕಣ್ಣು ಮಂಜಾಗಿರೋದು ನಿಜ. ಆದರೆ ಅದು ಹಳೇ ಪೊರೆಯಲ್ಲ, ಆಪರೇಷನ್ ಕೆಟ್ಟಿರಬೇಕು ಅಂತಲೂ ಇಲ್ಲ.

ಮೋದಿ ಡಾಕ್ಟ್ರು ಊರೂರಲ್ಲಿ ಕಣ್ಣಿನ ಶಿಬಿರ ನಡೆಸುತ್ತಿದ್ದ ಕಾಲದಲ್ಲಿ ಎಲ್ಲೆಡೆ ರೂಢಿಯಲ್ಲಿದ್ದದ್ದು ಮಸೂರವನ್ನು ಅದರ ಚೀಲದ ಸಮೇತ ತೆಗೆಯುವ ಪದ್ಧತಿ. ಚೀಲವೇ ಇಲ್ಲದ ಮೇಲೆ ಅದು ಮಬ್ಬಾಗುವುದೆಲ್ಲಿಂದ ಬಂತು? ಬದಲಿಗೆ ಮೂಗಿನ ಮೇಲೆ ಸೋಡಾಬುಡ್ಡಿ ಕನ್ನಡಕ ಕೂರುತ್ತಿತ್ತು.

ಆ ಕನ್ನಡಕ ತಪ್ಪಿಸಿದವನು ಹೆರಾಲ್ಡ್ ರಿಡ್ಲಿ. ಯುದ್ಧವಿಮಾನದ ಪರ್ಸ್‌ಪೆಕ್ಸ್ ಚೂರು ಪೈಲಟ್‌ಗಳ ಕಣ್ಣೊಳಗೆ ಸುಮ್ಮನೆ ಕೂತಿರುವುದನ್ನು ಗಮನಿಸಿ, 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅದೇ ಪ್ಲಾಸ್ಟಿಕ್ಕಿನ ಮಸೂರ ಇಟ್ಟ. ಸಹೋದ್ಯೋಗಿಗಳು ದಶಕಗಟ್ಟಲೆ ಮೂಗು ಮುರಿದರು. ಸರ್ ಪದವಿ ಸಿಕ್ಕಿದ್ದು 2000ದಲ್ಲಿ, ತೊಂಬತ್ತು ದಾಟಿದ ಮೇಲೆ.

ಹೊಸ ಮಸೂರ ಕೂರಲು ಜಾಗ ಬೇಕಲ್ಲ, ಹಾಗಾಗಿ ಹಳೇ ಚೀಲದ ಹಿಂಭಾಗವನ್ನು ಉಳಿಸಬೇಕಾಯಿತು. ತೊಡಕು ಹುಟ್ಟಿದ್ದು ಅಲ್ಲೇ. ಚೀಲದಲ್ಲಿ ಉಳಿದ ಜೀವಕೋಶಗಳು ತಿಂಗಳುಗಳಲ್ಲೋ ವರ್ಷಗಳಲ್ಲೋ ಬೆಳೆದು ಹಿಂದಿನ ಪದರಕ್ಕೆ ಹಬ್ಬುತ್ತವೆ. ಮೊದಲು ಇದಕ್ಕಿದ್ದ ಮದ್ದು ಅಂದ್ರೆ ಮತ್ತೆ ಕಣ್ಣೊಳಗೆ ಸೂಜಿ ಹಾಕಿ ಆ ಪದರ ಹರಿಯುವುದು. 1980ರ ಆಸುಪಾಸಿನಲ್ಲಿ ಪ್ಯಾರಿಸ್ಸಿನ ಡೇನಿಯಲ್ ಆರೋನ್-ರೋಸಾ, ಬರ್ನ್‌ನ ಫ್ರಾಂಜ್ ಫ್ಯಾಂಕ್‌ಹೌಸರ್ ಬೇರೆ ಬೇರೆಯಾಗಿ ಯಾಗ್ ಲೇಸರ್ ತಂದರು. ರಿಡ್ಲಿಯ ಹೆಸರು ಹೇಳುವವರು ಇವರಿಬ್ಬರನ್ನು ಮರೆಯುತ್ತಾರೆ, ನನಗದು ಅನ್ಯಾಯ ಅನ್ನಿಸುತ್ತೆ.

ಈ ಲೇಸರ್ ಸುಡುವುದಿಲ್ಲ. 1064 ನ್ಯಾನೋಮೀಟರಿನ ಆ ಬೆಳಕು ಕಣ್ಣಿಗೆ ಕಾಣದು, ಗುರಿಯಿಡಲು ಕೆಂಪು ಚುಕ್ಕಿ ಬೇಕು. ಕ್ಷಣದ ಕೋಟಿ ಪಾಲಿಗಿಂತ ಚಿಕ್ಕ ಹೊತ್ತಿನಲ್ಲಿ ಒಂದು ಬಿಂದುವಿನಲ್ಲಿ ಪುಟ್ಟ ಸ್ಫೋಟ; ಪದರ ಹರಿದು ಕಿಂಡಿ ತೆರೆಯುತ್ತದೆ. ಗುರಿ ಕೂದಲೆಳೆ ಮುಂದಾದರೆ ಹೊಸ ಮಸೂರಕ್ಕೇ ಚುಕ್ಕೆ ಬೀಳುತ್ತದೆ. ಕೊಯ್ತ ಇಲ್ಲ, ಬ್ಯಾಂಡೇಜ್ ಇಲ್ಲ, ಕೆಲವೇ ನಿಮಿಷ. ಕೆಲವರಿಗೆ ಕಣ್ಣಿನ ಒತ್ತಡ ಏರುತ್ತದೆ, ಅದಕ್ಕೆ ಡ್ರಾಪ್ಸ್. ಅಪರೂಪಕ್ಕೆ ಅಕ್ಷಿಪಟ ಕಳಚುವುದುಂಟು: ಮಿಂಚು ಹೊಡೆದಂತಾದರೆ, ಪರದೆ ಇಳಿದಂತಾದರೆ ಅವತ್ತೇ ಓಡಬೇಕು.

1992ರಲ್ಲಿ ಮಧುರೈಯಲ್ಲಿ ಆರೋಲ್ಯಾಬ್ ಶುರುವಾಗಿ ಮಸೂರ ಅಗ್ಗವಾಯಿತು, ಹಳ್ಳಿಯ ಕಣ್ಣುಗಳಿಗೂ ಬಂತು. ಜೊತೆಗೇ ಈ ಮಂಜೂ ಬಂತು. ಲೇಸರ್ ಯಂತ್ರ ಮಾತ್ರ ಪೇಟೆಯಲ್ಲೇ ಉಳಿದಿದೆ. ಆಪರೇಷನ್ನಿಗೆ ಕರೆದೊಯ್ಯಲು ಶಿಬಿರದ ವ್ಯಾನು ಮನೆಬಾಗಿಲಿಗೆ ಬರುತ್ತದೆ. ಎರಡು ವರ್ಷದ ಮೇಲೆ ಮಂಜು ಕವಿದಾಗ ಯಾರೂ ಬರುವುದಿಲ್ಲ. ಅಜ್ಜ ಜಗುಲಿಯ ಮೇಲೆ ಕೂತು, “ವಯಸ್ಸಾಯ್ತಲ್ಲ, ಬಿಡು” ಅಂತಾನೆ.