ಹಳೆ ಅಂಬಾಸಿಡರ್, ಫಿಯಟ್, ಜೀಪಿನ ಮೋನೋಗ್ರಾಮ್ ಎಸೀಬೇಡಿ: ಸರಿ ಮಾಡಿಸೋದು ಹೇಗೆ? ಇಲ್ಲಿದೆ ಪೂರ್ತಿ ಮಾಹಿತಿ

ರಾಮನಗುಳಿ: ಹಳೆ ಕಾರನ್ನು ಪೇಂಟಿಂಗ್‌ಗೆ ಬಿಟ್ಟರೆ ಮೊದಲು ಕಳಚೋದು ಗಾಡಿಯ ಹೆಸರಿನ ತುಂಡು. ಬಾನೆಟ್ ಮತ್ತು ಡಿಕ್ಕಿ ಮೇಲಿರುವ ಈ ಲಾಂಛನಕ್ಕೆ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ‘ಮೋನೋಗ್ರಾಮ್’ ಅಂತಾರೆ. ಎಷ್ಟೋ ಸಲ ಪೇಂಟ್ ಒಣಗುವಷ್ಟರಲ್ಲಿ ಅದು ಗುಜರಿ ಸೇರಿರ್ತದೆ. ಆ ಜಾಗದಲ್ಲಿ ಸ್ಟಿಕ್ಕರ್ ಬಂದು ಕೂತಿರ್ತದೆ.

ಸಣ್ಣ ತುಂಡು ಅಂತ ಬಿಡುವ ಹಾಗಿಲ್ಲ. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ. ಪ್ರೀಮಿಯರ್ ಪದ್ಮಿನಿ ಅದಕ್ಕೂ ಹತ್ತು ವರ್ಷಕ್ಕಿಂತ ಮೊದಲೇ ನಿಂತಿದೆ. ಕಂಪನಿಯಿಂದ ಹೊಸ ಮೋನೋಗ್ರಾಮ್ ಬರುವುದಿಲ್ಲ. ಹಾಗಾಗಿ ನಿಮ್ಮ ಶೆಡ್ಡಿನ ಡಬ್ಬದಲ್ಲಿರುವ ತುಂಡು ಎಷ್ಟೇ ಕಪ್ಪಾಗಿದ್ದರೂ ಅದೇ ಅಸಲಿ. ಮೊದಲು ಅದನ್ನು ಉಳಿಸಿ, ಆಮೇಲೆ ರಿಪೇರಿ ಮಾಡಿಸಿ. ನಕಲು ಕೊಳ್ಳುವುದು ಕೊನೆಯ ದಾರಿ.

ಅಂಕೋಲಾ, ಕಾರವಾರದ ಕಡೆ ಸಮುದ್ರದ ಉಪ್ಪು ಗಾಳಿ, ರಾಮನಗುಳಿ ಕಡೆ ಮಳೆಗಾಲದ ಕಾಡಿನ ಥಂಡಿ. ಎರಡೂ ಕ್ರೋಮಿಗೆ ವೈರಿ. 2019 ಮತ್ತು 2021ರ ಗಂಗಾವಳಿ ನೆರೆಯಲ್ಲಿ ನೀರು ಕಂಡ ಗಾಡಿಗಳಿದ್ದರೆ ಮೋನೋಗ್ರಾಮಿನ ಹಿಂದೆ ಇನ್ನೂ ಕೆಸರು ಕೂತಿರಬಹುದು. ತುಕ್ಕು ಶುರುವಾಗೋದು ಅಲ್ಲಿಂದಲೇ.

ಯಾವ ಗಾಡಿಗೆ ಯಾವ ಹೆಸರು?

ಮೊದಲು ಆರ್‌ಸಿಯಲ್ಲಿ ತಯಾರಾದ ವರ್ಷ ನೋಡಿಕೊಳ್ಳಿ.

ಅಂಬಾಸಿಡರ್: ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಆಧಾರದ ಮೇಲೆ ಹಿಂದುಸ್ತಾನ್ ಮೋಟರ್ಸ್ ಕಂಪನಿ ಪಶ್ಚಿಮ ಬಂಗಾಳದ ಉತ್ತರಪಾರದಲ್ಲಿ ತಯಾರಿಸಿದ ಕಾರು. 1960ರ ದಶಕದ ಶುರುವಿನಲ್ಲಿ ಮಾರ್ಕ್ 2, 1975ರಲ್ಲಿ ಮಾರ್ಕ್ 3, 1979ರಲ್ಲಿ ಮಾರ್ಕ್ 4, 1990ರಲ್ಲಿ ನೋವಾ ಬಂತು. ದೂರದಿಂದ ಎಲ್ಲ ಒಂದೇ ಥರ ಕಂಡರೂ ಗ್ರಿಲ್ ಮತ್ತು ಮೋನೋಗ್ರಾಮ್ ಬೇರೆ ಬೇರೆ. ಮಾರ್ಕ್ 2 ಗಾಡಿಗೆ ನೋವಾ ಹೆಸರು ಹಾಕಿದರೆ ತಿಳಿದವರು ನಗ್ತಾರೆ, ಕೊಳ್ಳುವವರು ರೇಟ್ ಇಳಿಸ್ತಾರೆ.

ಫಿಯಟ್, ಪದ್ಮಿನಿ: ಮುಂಬೈ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ 1964ರಿಂದ ಫಿಯಟ್ 1100 ಡಿಲೈಟ್ ತಯಾರಿಸಿತು. ಹೆಚ್ಚುಕಮ್ಮಿ ಅದೇ ಬಾಡಿಗೆ 1974ರಲ್ಲಿ ಪ್ರೀಮಿಯರ್ ಪದ್ಮಿನಿ ಅಂತ ಹೆಸರು ಬಿತ್ತು. 1960ರ ದಶಕದ ಗಾಡಿಗೆ ಪದ್ಮಿನಿ ಮೋನೋಗ್ರಾಮ್ ಸಲ್ಲುವುದಿಲ್ಲ.

ಜೀಪು: ಹಳೆ ವಿಲ್ಲಿಸ್, ಮಹೀಂದ್ರ ಜೀಪುಗಳಲ್ಲಿ ಹೆಸರು ಬಾನೆಟ್ ಪಕ್ಕದ ತಗಡಿನಲ್ಲೇ ಉಬ್ಬಚ್ಚಾಗಿರ್ತದೆ. ಕಳಚುವ ತುಂಡಲ್ಲ. ಟಿಂಕರಿಂಗ್ ಮಾಡುವಾಗ ಪುಟ್ಟಿ ಮೆತ್ತಿ ಸಪಾಟು ಮಾಡಿದರೆ ಹೆಸರು ಮುಚ್ಚಿ ಹೋಗ್ತದೆ. ‘ಅಕ್ಷರದ ಮೇಲೆ ಪುಟ್ಟಿ ಬೇಡ’ ಅಂತ ಮೊದಲೇ ಹೇಳಿಡಿ.

ಯಾವ ಲೋಹ ಅಂತ ತಿಳಿಯೋದು ಹೇಗೆ?

ಒಂದು ಅಯಸ್ಕಾಂತ ಸಾಕು. ಅಂಟಿದರೆ ಕಬ್ಬಿಣ. ಅಂಟದಿದ್ದರೆ ಹಿಂಬದಿಯಲ್ಲಿ, ಕಾಣದ ಜಾಗದಲ್ಲಿ ಸ್ವಲ್ಪ ಗೀರಿ ನೋಡಿ. ಹಳದಿ ಕಂಡರೆ ಹಿತ್ತಾಳೆ. ಬೂದು ಬಣ್ಣ, ಕೈಗೆ ಭಾರ ಇದ್ದರೆ ಸತುವಿನ ಎರಕ. ಹಗುರ ಇದ್ದರೆ ಅಲ್ಯೂಮಿನಿಯಂ ಇಲ್ಲವೇ ಪ್ಲಾಸ್ಟಿಕ್.

ಹಿತ್ತಾಳೆ ಗಟ್ಟಿ, ರಿಪೇರಿಗೆ ಸುಲಭ. ಸತು ಮಾತ್ರ ನಾಜೂಕು. ಒಳಗಿಂದ ಗುಳ್ಳೆ ಎದ್ದು ಕ್ರೋಮ್ ಒಡೀತದೆ. ಸುಮಾರು 420 ಡಿಗ್ರಿ ಸೆಲ್ಸಿಯಸ್ ದಾಟುವ ಮೊದಲೇ ಕರಗ್ತದೆ. ಅದಕ್ಕೆ ಗ್ಯಾಸ್ ವೆಲ್ಡಿಂಗ್ ಹಿಡಿಸಬೇಡಿ.

ಕಳಚುವಾಗ

ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಹಳೆ ಮೋನೋಗ್ರಾಮಿನ ಹಿಂದೆ ಸಾಮಾನ್ಯವಾಗಿ ಎರಡು ಮೂರು ಪಿನ್ ಇರ್ತವೆ. ಪಿನ್ ತಗಡಿನ ತೂತಿನಿಂದ ಒಳಗೆ ಹೋಗಿ ಕ್ಲಿಪ್ಪಿಗೆ ಕಚ್ಚಿಕೊಂಡಿರ್ತದೆ. ಬಾನೆಟ್ ಅಥವಾ ಡಿಕ್ಕಿ ಎತ್ತಿ ಒಳಗಿನಿಂದ ಕ್ಲಿಪ್ ಬಿಡಿಸಿ. ಬಿಗಿ ಇದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ.

ಗಮ್ಮಿನಲ್ಲಿ ಅಂಟಿಸಿದ್ದಾದರೆ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ಮೀನು ಗಾಳದ ತಂಗೂಸು ದಾರವನ್ನು ಹಿಂದಿನಿಂದ ಗರಗಸದ ಹಾಗೆ ಎಳೆಯಿರಿ. ಪೇಂಟ್ ಏಳುವುದಿಲ್ಲ. ಕಳಚುವ ಮೊದಲು ಫೋಟೊ ತೆಗೆದು, ಅಂಚಿನಿಂದ ಎಷ್ಟು ದೂರ ಇತ್ತು ಅಂತ ಬರೆದಿಡಿ.

ತೊಳೆಯುವಾಗ

ಉಗುರು ಬೆಚ್ಚಗಿನ ನೀರು, ಶಾಂಪೂ, ಹಳೆ ಟೂತ್ ಬ್ರಷ್ ಸಾಕು. ಬಾತ್‌ರೂಂ ಆಸಿಡ್, ಉಪ್ಪುಕಾಗದ, ಪಾತ್ರೆ ತಿಕ್ಕುವ ಸ್ಟೀಲ್ ನಾರು ಯಾವುದೂ ಬೇಡ. ಕ್ರೋಮ್ ಪದರ ಒಂದು ಮೈಕ್ರಾನಿಗಿಂತಲೂ ತೆಳು, ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ. ಒಂದು ಸಲ ಜೋರಾಗಿ ತಿಕ್ಕಿದರೆ ಹೋಯ್ತು.

ಕಬ್ಬಿಣದ ಮೇಲಿನ ಕ್ರೋಮಿಗೆ ಕಂದು ಚುಕ್ಕಿ ಬಂದಿದ್ದರೆ ಅಲ್ಯೂಮಿನಿಯಂ ಫಾಯಿಲ್ ಒದ್ದೆ ಮಾಡಿ ಮೆಲ್ಲಗೆ ಉಜ್ಜಿ. ಪಾಲಿಶ್ ಇಲ್ಲದ ಬರೀ ಹಿತ್ತಾಳೆಗೆ ಹುಣಸೆಹುಳಿ ನಡೀತದೆ, ಕೂಡಲೇ ತೊಳೆದು ಒರೆಸಬೇಕು. ಪ್ಲಾಸ್ಟಿಕ್ ಮೋನೋಗ್ರಾಮಿಗೆ ಥಿನ್ನರ್, ಪೆಟ್ರೋಲ್ ಮುಟ್ಟಿಸಬೇಡಿ.

ಕ್ರೋಮ್, ಬಣ್ಣ, ಮುರಿದ ಪಿನ್

ಕ್ರೋಮ್ ಪೂರ್ತಿ ಹೋಗಿದ್ದರೆ ಹುಬ್ಬಳ್ಳಿಯಂಥ ಪೇಟೆಯ ಇಲೆಕ್ಟ್ರೋಪ್ಲೇಟಿಂಗ್ ಅಂಗಡಿಗೇ ಕೊಡಬೇಕು. ಸರಿಯಾದ ಕ್ರಮ ಹೀಗೆ: ಹಳೆ ಪದರ ತೆಗೆಯುವುದು, ತಾಮ್ರ ಹಿಡಿಸುವುದು, ಬಫಿಂಗ್, ನಿಕಲ್, ಕೊನೆಗೆ ಕ್ರೋಮ್. ಗುಂಡಿ ತುಂಬುವುದು ತಾಮ್ರ, ತುಕ್ಕು ತಡೆಯುವುದು ನಿಕಲ್, ಹೊಳಪು ಕೊಡುವುದು ಕ್ರೋಮ್. ತಾಮ್ರ ಬಿಟ್ಟು ನೇರ ಕ್ರೋಮ್ ಹೊಡೆಸಿದರೆ ನಮ್ಮ ಮಳೆಗಾಲ ದಾಟುವುದು ಕಷ್ಟ. ‘ಇದು ಸತು’ ಅಂತ ಬಾಯಿಬಿಟ್ಟು ಹೇಳಿ, ಯಾಕಂದ್ರೆ ಜೋರು ಆಸಿಡ್‌ನಲ್ಲಿ ಸತುವೇ ಕರಗಿ ಹೋಗ್ತದೆ. ಬಫಿಂಗ್ ಅತಿಯಾದರೆ ಅಕ್ಷರದ ಅಂಚು ಸವೆದು ಮೊಂಡಾಗ್ತದೆ, ಅದನ್ನೂ ಹೇಳಿ.

ಅಕ್ಷರದ ಗುಳಿಯಲ್ಲಿ ಬಣ್ಣ ಹೋಗಿದ್ದರೆ ಎನಾಮಲ್ ಪೇಂಟನ್ನು ಸಣ್ಣ ಬ್ರಷ್‌ನಲ್ಲಿ ತುಂಬಿ, ಮೇಲೆ ಹರಡಿದ್ದನ್ನು ಒಣಗುವ ಮೊದಲೇ ಬಟ್ಟೆಯಿಂದ ಒರೆಸಿ. ತುಂಬ ಹಳೆ ಬ್ಯಾಡ್ಜುಗಳಲ್ಲಿ ಇರುವುದು ಪೇಂಟಲ್ಲ, ಕುಲುಮೆಯಲ್ಲಿ ಸುಟ್ಟ ಗಾಜಿನ ಬಣ್ಣ. ಅದನ್ನು ಕೆರೆಯಬೇಡಿ. ಚೂರು ಹಾರಿದ ಜಾಗಕ್ಕೆ ಮಾತ್ರ ಬಣ್ಣ ಸೇರಿಸಿದ ಎಪಾಕ್ಸಿ ತುಂಬಬಹುದು.

ಪಿನ್ ಮುರಿದಿದ್ದರೆ ಹಿಂಬದಿಯಲ್ಲಿ ಸಣ್ಣ ಗುಳಿ ಮಾಡಿ, ತೆಳು ಹಿತ್ತಾಳೆ ಸ್ಕ್ರೂ ಇಟ್ಟು ಅರಾಲ್ಡೈಟ್ ಹಾಕಿ. ಒಂದು ದಿನ ಪೂರ್ತಿ ಒಣಗಲಿ.

ಮತ್ತೆ ಕೂರಿಸುವಾಗ

ಡಿಕ್ಕಿ, ಬಾನೆಟ್ ಕೊಳೆಯುವುದು ಈ ಪಿನ್ನಿನ ತೂತಿನಿಂದಲೇ. ತೂತಿನ ಸುತ್ತ ರೆಡ್ ಆಕ್ಸೈಡ್ ಹಚ್ಚಿ, ಅದರ ಮೇಲೆ ಪೇಂಟ್ ಹೊಡೆಸಿ, ರಬ್ಬರ್ ವಾಷರ್ ಕೊಟ್ಟು ಕೂರಿಸಿ. ಪೇಂಟರ್ ತೂತು ಮುಚ್ಚುವ ಮೊದಲೇ ಮೋನೋಗ್ರಾಮ್ ಇಟ್ಟು ಅಳತೆ ನೋಡಲಿ. ಮೇಲಿಂದ ವ್ಯಾಕ್ಸ್ ಪಾಲಿಶ್ ಹಾಕಿ. ಮಳೆಗಾಲದ ಮುಂಚೆ ಒಂದು ಸಲ, ಆಮೇಲೆ ಒಂದು ಸಲ.

ನಕಲು ಕೊಳ್ಳುವವರಿಗೆ, ಮಾರುವವರಿಗೆ

ತುಂಡು ಪೂರ್ತಿ ಕಳೆದಿದ್ದರೆ ನಕಲು ಹಾಕುವುದು ತಪ್ಪಲ್ಲ. ಪಿನ್ನಿಂದ ಪಿನ್ನಿಗೆ ಅಳತೆ, ಅಕ್ಷರದ ಓರೆ, ದಪ್ಪ ಹೋಲಿಸಿ ನೋಡಿ. ಅಂಗಡಿಯವರು ನಕಲನ್ನು ನಕಲು ಅಂತಲೇ ಬಿಲ್ಲಿನಲ್ಲಿ ಬರೆದು ಕೊಟ್ಟರೆ ಮುಂದೆ ತಕರಾರಿಲ್ಲ. ಹೆಸರಿಗೂ ಒಡೆಯರಿರ್ತಾರೆ. 2017ರಲ್ಲಿ ಫ್ರಾನ್ಸಿನ ಪ್ಯೂಜೊ ಕಂಪನಿ ಅಂಬಾಸಿಡರ್ ಬ್ರ್ಯಾಂಡನ್ನು ಕೊಂಡದ್ದು 80 ಕೋಟಿ ರೂಪಾಯಿಗೆ!

ಅಸಲಿ ಹೇಗಿತ್ತು ಅಂತ ಕಣ್ಣಾರೆ ನೋಡಬೇಕಿದ್ದರೆ ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂ, ಶ್ರೀರಂಗಪಟ್ಟಣದ ಹತ್ತಿರದ ಪಯಣ ಕಾರ್ ಮ್ಯೂಸಿಯಂನಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆ ಕಾರುಗಳಿವೆ.

50 ವರ್ಷ ದಾಟಿದ ಗಾಡಿ ಇದೆಯೇ?

ಕೇಂದ್ರ ಸರ್ಕಾರದ 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಬೈಕ್, ಕಾರುಗಳನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ನಂಬರಿನಲ್ಲಿ ‘ವಿಎ’ ಅಕ್ಷರ ಬರ್ತದೆ. ನಿಯಮದಲ್ಲಿ ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಅವಧಿ 10 ವರ್ಷ. ಬಾಡಿಗೆಗೆ ಓಡಿಸುವಂತಿಲ್ಲ. ಮೋನೋಗ್ರಾಮ್ ಒಂದರಿಂದಲೇ ನೋಂದಣಿ ಸಿಗುವುದಿಲ್ಲ, ಕಾನೂನಿಗೆ ಗುರುತು ಎಂಜಿನ್ ಮತ್ತು ಚಾಸಿ ನಂಬರ್. ಆದರೆ ‘ಮೂಲ ರೂಪ’ ಅನ್ನುವಾಗ ಎದುರಿಗೆ ಮೊದಲು ಕಾಣುವುದು ಇದೇ ಹೆಸರು.

ಅಜ್ಜನ ಕಾಲದ ಗಾಡಿ ಮಾರುವವರೂ ಗುಜರಿಗೆ ಕೊಡುವವರೂ ಒಂದು ನೆನಪಿಡಿ. ಗಾಡಿ ಹೋದರೂ ಶೆಡ್ಡಿನ ಡಬ್ಬ ಒಮ್ಮೆ ಜಾಲಾಡಿ ನೋಡಿ. ನಿಮಗೆ ಬೇಡವಾದ ಆ ತುಂಡನ್ನೇ ಹುಡುಕುತ್ತಿರುವ ಇನ್ನೊಬ್ಬ ಅಂಬಾಸಿಡರ್ ಮಾಲೀಕ ಪಕ್ಕದ ಊರಲ್ಲೇ ಇರಬಹುದು.